‘ಬ್ಯಾನಿ ತಿನ್ನಾಕತ್ಯಾಳ್ರೀ, ಸಿಸ್ಟರ್’

ಪ್ರಶ್ನೆ: ನಮ್ಮ ಆಸ್ಪತ್ರೆಗಳಲ್ಲಿ ಕೇರಳದ ಸಿಸ್ಟರ್‌ಗಳು ಬಹಳ ಮಂದಿ ಇದ್ದಾರೆ. ಹಳ್ಳಿಯಿಂದ ಬಂದ ರೋಗಿಗಳ ಮಾತು ಅವರಿಗೆ ಹೇಗೆ ತಿಳಿಯುತ್ತದೆ? ಇದನ್ನು ಅವರಿಗೆ ಕಲಿಸುತ್ತಾರೆಯೇ?

ಉತ್ತರ: ಕಾಲೇಜಿನಲ್ಲಿ ಸ್ವಲ್ಪ ಕಲಿಸುತ್ತಾರೆ. ಅಮೆರಿಕದ ನರ್ಸ್ ಮೆಡಲೀನ್ ಲೈನಿಂಗರ್ 1950ರ ದಶಕದಲ್ಲಿ ಮಾನಸಿಕ ತೊಂದರೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬೇರೆ ಬೇರೆ ಹಿನ್ನೆಲೆಯ ಮಕ್ಕಳಿಗೆ ಒಂದೇ ಥರದ ಆರೈಕೆ ಒಗ್ಗುವುದಿಲ್ಲ ಎಂಬುದು ಅಲ್ಲಿ ಅವರ ಕಣ್ಣಿಗೆ ಬಿತ್ತು. ಮುಂದೆ ಪಪುವಾ ನ್ಯೂಗಿನಿಯ ಗಾಡ್ಸಪ್ ಜನರ ನಡುವೆ ಇದ್ದು ಅಧ್ಯಯನ ಮಾಡಿದರು. ರೋಗಿಯ ಹಿನ್ನೆಲೆಗೆ ತಕ್ಕ ಆರೈಕೆ ಬೇಕೆಂಬ ಅವರ ಸಿದ್ಧಾಂತವನ್ನು ನರ್ಸಿಂಗ್ ವಿದ್ಯಾರ್ಥಿಗಳು ಓದುತ್ತಾರೆ. ಉಳಿದದ್ದನ್ನು ಕಲಿಸುವುದು ವಾರ್ಡು.

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದಾಗಿನ ಮಾತು. ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ತಾಯಿಯೊಬ್ಬಳು ಓಡಿಬಂದು, “ಮಗಳು ಬ್ಯಾನಿ ತಿನ್ನಾಕತ್ಯಾಳ್ರೀ” ಎಂದಳು. ಡ್ಯೂಟಿಯಲ್ಲಿದ್ದ ಹೊಸ ಹುಡುಗಿ ಮಲಯಾಳಿ. ‘ತಿನ್ನು’ ಅವಳ ಭಾಷೆಯಲ್ಲೂ ತಿನ್ನುವುದೇ. ಸಿಸೇರಿಯನ್ ಆಗಬೇಕಾದರೆ ಹೊಟ್ಟೆ ಖಾಲಿ ಇರಬೇಕಲ್ಲ, ಗಾಬರಿಯಾಗಿ, “ಏನು ತಿಂದ್ಲು? ಎಷ್ಟು ಹೊತ್ತಾಯ್ತು?” ಎಂದು ಕೇಳತೊಡಗಿದಳು. ತಾಯಿಗೆ ಅಳು ಬಂತು. ಆಯಾ ಗಂಗಾವತಿಯವಳು, “ಹೆರಿಗಿ ನೋವು ಸುರು ಆಗೇತಂತ್ರೀ” ಎಂದ ಮೇಲೆ ಎಲ್ಲರೂ ಒಳಗೆ ಓಡಿದರು.

ಮರುದಿನ ಆ ಹುಡುಗಿಗೆ ಹೇಳಿದೆ: ಬ್ಯಾನಿ ಎಂದರೆ ಬೇನೆ, ಬೇನೆ ಹುಟ್ಟಿದ್ದು ‘ವೇದನಾ’ದಿಂದ, ನೀನು ಊರಲ್ಲಿ ನೋವಿಗೆ ಹೇಳುವ ‘ವೇದನ’ವೂ ಅದೇ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಮಲಯಾಳ ಅಕ್ಷರದಲ್ಲಿ ಬರೆದುಕೊಂಡಳು. ಅದರಲ್ಲಿ ಆಗಲೇ ಸೆಳೆತ, ಜೋಮು, ನಿತ್ರಾಣ ಇದ್ದವು. ಅಂಥ ಪುಸ್ತಕ ಇಟ್ಟುಕೊಂಡ ಸಿಸ್ಟರ್ ಸಿಕ್ಕರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಇದಕ್ಕಿಂತ ಅಪಾಯದ ಪದ ‘ಸಂಕಟ’. “ಎದೆ ನೋವಿದೆಯಾ ಅಜ್ಜಿ?” ಎಂದರೆ ಅಜ್ಜಿ ಇಲ್ಲವೆನ್ನುತ್ತಾಳೆ, ಸುಳ್ಳಲ್ಲ. ಅವಳಿಗೆ ಆಗುತ್ತಿರುವುದು ಸಂಕಟ, ಎದೆ ಹಿಡಿದಂತೆ, ಹಿಂಡಿದಂತೆ. ಹೃದಯಾಘಾತ ಎಷ್ಟೋ ಸಲ ಹಾಗೆಯೇ ಬರುತ್ತದೆ. ‘ನೋವಿಲ್ಲ’ ಎಂದು ಬರೆದು ಮುಂದಿನ ಹಾಸಿಗೆಗೆ ಹೋದರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. “ಹತ್ತರಲ್ಲಿ ಎಷ್ಟು ನೋವು?” ಎಂಬ ಪ್ರಶ್ನೆಯೂ ಹಳ್ಳಿಯ ಹಿರಿಯರಿಗೆ ನಾಟುವುದಿಲ್ಲ. “ರಾತ್ರಿ ಮಗ್ಗಲು ಹೊರಳಾಕ ಆಗಲಿಲ್ಲವ್ವಾ” ಎಂಬ ಉತ್ತರ ಬಂದರೆ ನಾನು ಅದನ್ನೇ ಚಾರ್ಟಿನಲ್ಲಿ ಬರೆಯುತ್ತಿದ್ದೆ.

ತಲೆಯಾಡಿಸುವುದನ್ನಂತೂ ನಂಬಲೇಬಾರದು. ನಮ್ಮವರು ಮರ್ಯಾದೆಗೂ ತಲೆಯಾಡಿಸುತ್ತಾರೆ. ಮಾತ್ರೆ ಕೊಟ್ಟು “ಅರ್ಥ ಆಯ್ತಾ?” ಎನ್ನುವ ಬದಲು, “ಮನೆಗೆ ಹೋಗಿ ಹೇಗೆ ತಗೋತೀರಮ್ಮಾ, ನನಗೆ ಹೇಳಿ ತೋರಿಸಿ” ಎಂದು ಕೇಳಬೇಕು. ಎಷ್ಟೋ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ನಿಮ್ಮಲ್ಲೂ ಒಂದು ಕೋರಿಕೆ. ತಾಯಿಯ ಜೊತೆ ಆಸ್ಪತ್ರೆಗೆ ಹೋದಾಗ ಅವರ ಪರವಾಗಿ ನೀವೇ ಉತ್ತರಿಸಿಬಿಡಬೇಡಿ. ಅವರು ತಮ್ಮ ಮಾತಿನಲ್ಲೇ ಹೇಳಲಿ, ಕೈಯಿಟ್ಟು ಜಾಗ ತೋರಿಸಲಿ. ಆಮೇಲೆ ಆ ಪದದ ಅರ್ಥವನ್ನು ಸಿಸ್ಟರ್‌ಗೆ ನೀವು ಬಿಡಿಸಿ ಹೇಳಿ.