ಹಾಡು ಯಾರದು?

ಬೀಸುವ ಕಲ್ಲಿನ ಮುಂದೆ ಪದ ಕಟ್ಟಿದವರು ಯಾರು? ಸೋಬಾನೆ ಹಾಡಿದವರು ಯಾರು? ಜೋಗುಳ ಕಟ್ಟಿದವರು ಯಾರು? ನಮ್ಮ ಅವ್ವಂದಿರು, ಅಜ್ಜಿಯರು, ಅವರ ಅಜ್ಜಿಯರು. ಆದರೆ ಅವರ ಹೆಸರು ನಮಗೆ ಗೊತ್ತಿಲ್ಲ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಬರೆದಿಡಲಿಲ್ಲ. ಹಾಡು ಉಳಿಯಿತು, ಹೆಸರು ಹೋಯಿತು.

ಈಗ ಒಬ್ಬ ದೊಡ್ಡವ್ವನ ಕಥೆ ಓದೋಣ.

ದೊಡ್ಡವ್ವ ಹೊಸ ಪದ ಕಟ್ಟುವುದರಲ್ಲಿ ಜಾಣೆ. ಕುಡಿತದಿಂದ ಒಂದು ಮನೆ ಹಾಳಾದದ್ದನ್ನು ಕಂಡಳು. ಅದರ ಮೇಲೆ ಒಂದು ಹಾಡು ಕಟ್ಟಿದಳು. ಮಹಿಳಾ ಸಂಘದ ಸಭೆಯಲ್ಲಿ ಹಾಡಿದಳು. ಕೇಳಿದವರ ಕಣ್ಣಲ್ಲಿ ನೀರು ಬಂತು. ಪಟ್ಟಣದಿಂದ ಬಂದಿದ್ದ ಒಬ್ಬ ಹಾಡುಗಾರ ಅದನ್ನು ಫೋನಿನಲ್ಲಿ ತುಂಬಿಕೊಂಡ.

ನಾಲ್ಕು ತಿಂಗಳು ಕಳೆಯಿತು. ಜಾತ್ರೆಯ ಮೈಕಿನಲ್ಲಿ ಅದೇ ಹಾಡು ಕೇಳಿಬಂತು. ಹಾಡು ಮುಗಿದ ಮೇಲೆ, ಇದನ್ನು ಬರೆದವನೂ ತಾನೇ ಎಂದು ಹಾಡುಗಾರ ಹೇಳಿದ.

ದೊಡ್ಡವ್ವ ಅವನ ಹತ್ತಿರ ಹೋದಳು. "ಯಪ್ಪಾ, ಅದು ನಾ ಕಟ್ಟಿದ ಪದ" ಅಂದಳು.

"ನಿಮ್ಮದು ಅನ್ನೋದಕ್ಕೆ ಏನ್ ಗುರುತು ಐತಿ?" ಎಂದು ಅವನು ಕೇಳಿದ.

ದೊಡ್ಡವ್ವ ಸುಮ್ಮನೆ ಮನೆಗೆ ಬಂದಳು. ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಸಂಜೆ ಕಲಿಕೆ ಕೇಂದ್ರದಲ್ಲಿ ಎಲ್ಲರೂ ಸೇರಿದರು. ದೊಡ್ಡವ್ವ ಅಕ್ಕೋರಿಗೆ ಎಲ್ಲ ಹೇಳಿದಳು.

"ಅಕ್ಕೋರೆ, ಹೊಲಕ್ಕ ಪಹಣಿ ಐತಿ, ಮನಿಗೆ ಉತಾರ ಐತಿ. ಹಾಡಿಗೆ ಏನೈತ್ರಿ?"

"ಹಾಡಿಗೂ ಹಕ್ಕು ಐತಿ ದೊಡ್ಡವ್ವ. ಅದಕ್ಕ ಕೃತಿಸ್ವಾಮ್ಯ ಅಂತಾರ. ಕಾಪಿರೈಟ್ ಅಂತನೂ ಅಂತಾರ. ಅದಕ್ಕಾಗಿ 1957ರಲ್ಲೇ ಕಾನೂನು ಆಗೇತಿ."

ಅಕ್ಕೋರು ಬಿಡಿಸಿ ಹೇಳಿದರು.

ನೀವೇ ಹೊಸದಾಗಿ ಮಾಡಿದ ಹಾಡು, ಕಥೆ, ನಾಟಕ, ಚಿತ್ರ ಇವೆಲ್ಲ ನಿಮ್ಮ ಕೃತಿ. ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಅಚ್ಚು ಹಾಕಿ ಮಾರುವಂತಿಲ್ಲ. ಈ ಹಕ್ಕು ನೀವು ಬದುಕಿರುವ ತನಕ ಇರುತ್ತದೆ. ನೀವು ಹೋದ ಮೇಲೂ 60 ವರ್ಷ ಇರುತ್ತದೆ. ಹೊಲದ ಹಾಗೆ ಮಕ್ಕಳಿಗೂ ಬರುತ್ತದೆ.

"ಹಂಗಾರ ಅಜ್ಜಿ ಕಲಿಸಿದ ಬೀಸುವ ಪದನೂ ನಂದೇ ಏನ್ರಿ?" ಒಬ್ಬ ಸೊಸೆ ಕೇಳಿದಳು.

"ಇಲ್ಲವ್ವಾ. ಅದು ಹಿಂದಿನಿಂದ ಬಂದದ್ದು, ಊರೆಲ್ಲರದು. ನೀ ಹೊಸದಾಗಿ ಕಟ್ಟಿದ್ದು ಮಾತ್ರ ನಿಂದು. ಇನ್ನೊಂದು ಮಾತು. ಕುಡಿತದ ಮ್ಯಾಲೆ ಹಾಡು ಬರೀಬೇಕು ಅನ್ನೋ ವಿಚಾರ ಯಾರಿಗಾದರೂ ಬರಬಹುದು. ವಿಚಾರಕ್ಕ ಹಕ್ಕಿಲ್ಲ. ನಿನ್ನ ಮಾತಿನಾಗ ನೀ ಕಟ್ಟಿದ್ದಕ್ಕ ಹಕ್ಕೈತಿ."

"ನೋಂದಣಿ ಮಾಡಿಸದಿದ್ರ ಹಕ್ಕು ಹೋಗತೈತೇನ್ರಿ?" ದೊಡ್ಡವ್ವ ಕೇಳಿದಳು.

"ಹೋಗೂದಿಲ್ಲ. ಕೂಸು ಹುಟ್ಟಿದ ಕೂಡ್ಲೇ ತಾಯಿದು. ಆದರೂ ಜನನ ಪ್ರಮಾಣ ಪತ್ರ ಮಾಡಸ್ತೀವಲ್ಲ? ಹಂಗ. ಜಗಳ ಬಂದಾಗ ನೋಂದಣಿ ಪತ್ರವನ್ನ ಕೋರ್ಟು ಸಾಕ್ಷಿ ಅಂತ ತಗೋತೈತಿ. ಅದು ಸುಳ್ಳು ಅನ್ನೋರು ಅವರೇ ರುಜುವಾತು ಮಾಡಬೇಕು."

ಆಗ ಸಂಘದ ಕಾರ್ಯದರ್ಶಿಗೆ ಒಂದು ನೆನಪು ಬಂತು. ಓಡಿ ಹೋಗಿ ಸಂಘದ ನಡಾವಳಿ ಪುಸ್ತಕ ತಂದಳು. ಅವಳೂ ಇದೇ ಕೇಂದ್ರದಲ್ಲಿ ಅಕ್ಷರ ಕಲಿತವಳು. ಆ ದಿನದ ಸಭೆಯ ಪುಟ ತೆರೆದಳು. ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ದೊಡ್ಡವ್ವ ತಾನು ಕಟ್ಟಿದ ಕುಡಿತದ ಹಾಡು ಹಾಡಿದಳು. ಕೆಳಗೆ ತಾರೀಖು ಇತ್ತು. 14 ಹೆಣ್ಣುಮಕ್ಕಳ ಸಹಿ ಇತ್ತು.

"ಇದೇ ನೋಡ್ರಿ ಗುರುತು!" ಅಕ್ಕೋರು ಚಪ್ಪಾಳೆ ಹೊಡೆದರು.

ಎಲ್ಲರೂ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋದರು. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ವಕೀಲರು ಹಾಡುಗಾರನಿಗೆ ನೋಟೀಸು ಕಳಿಸಿದರು. ಅವನು ಬಂದು ತಪ್ಪು ಒಪ್ಪಿಕೊಂಡ. ಹಾಡಿನ ಜೊತೆ ದೊಡ್ಡವ್ವನ ಹೆಸರು ಹಾಕಿದ. ಹಣದ ಪಾಲು ಕೊಡುವುದಾಗಿ ಕಾಗದದ ಮೇಲೆ ಬರೆದುಕೊಟ್ಟ.

ಆಮೇಲೆ ದೊಡ್ಡವ್ವ ಒಂದು ನೋಟ್‌ಬುಕ್ ಕೊಂಡಳು. ತನ್ನ ಹಾಡುಗಳನ್ನು ಒಂದೊಂದಾಗಿ ಬರೆದಳು. ಮೊದಲ ಪುಟದಲ್ಲಿ ತನ್ನ ಹೆಸರು ತಾನೇ ಬರೆದಳು.

ನೋಂದಣಿ ಹೇಗೆ?

1. ಕಾಪಿರೈಟ್ ಕಚೇರಿ ದೆಹಲಿಯಲ್ಲಿದೆ. ಅಲ್ಲಿಗೆ ಹೋಗಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಅರ್ಜಿ ಹಾಕಬಹುದು. ಓದಿದ ಮಕ್ಕಳ ಸಹಾಯ ಪಡೆಯಿರಿ.

2. ಬರೆದ ಹಾಡು, ಕಥೆಗೆ ಒಂದು ಕೃತಿಗೆ 500 ರೂಪಾಯಿ ಶುಲ್ಕ. ಹಾಡಿನ ಮಾತು ಬೇರೆ ಕೃತಿ, ಧಾಟಿ ಬೇರೆ ಕೃತಿ.

3. ಅರ್ಜಿಯ ಜೊತೆ ಕೃತಿಯ ಪ್ರತಿ ಕೊಡಬೇಕು. ಅಚ್ಚಾಗದ ಕೃತಿಯನ್ನೂ ನೋಂದಣಿ ಮಾಡಿಸಬಹುದು.

4. ಅರ್ಜಿಗೆ ಒಂದು ಡೈರಿ ನಂಬರ್ ಸಿಗುತ್ತದೆ. ಬರೆದಿಟ್ಟುಕೊಳ್ಳಿ.

5. ಯಾರಾದರೂ ತಕರಾರು ಹೇಳುತ್ತಾರೋ ಎಂದು 30 ದಿನ ಕಾಯುತ್ತಾರೆ. ಆಮೇಲೆ ಪರಿಶೀಲನೆ ಮಾಡುತ್ತಾರೆ. ಎಲ್ಲ ಸರಿ ಇದ್ದರೆ ಪ್ರಮಾಣ ಪತ್ರ ಬರುತ್ತದೆ.

ನೆನಪಿಡಿ

ಹಾಡು ಕಟ್ಟಿದ ದಿನವೇ ಬರೆದಿಡಿ. ತಾರೀಖು ಹಾಕಿ, ಸಹಿ ಮಾಡಿ.

ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಖಾಲಿ ಕಾಗದಕ್ಕಂತೂ ಹೆಬ್ಬೆಟ್ಟು ಒತ್ತಲೇಬೇಡಿ. ಹಕ್ಕು ಬಿಟ್ಟುಕೊಡುವುದು ಬಾಯಿಮಾತಿನಲ್ಲಿ ಆಗುವುದಿಲ್ಲ, ಬರಹದಲ್ಲೇ ಆಗಬೇಕು. ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ ಎಂದು ಅದರಲ್ಲಿ ಬರೆಸಿ. ವರ್ಷ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ.

ಹಕ್ಕು ಮಾರಿದರೂ, ಇದನ್ನು ಕಟ್ಟಿದವಳು ನಾನು ಎಂದು ಹೇಳುವ ಹಕ್ಕು ನಿಮ್ಮದೇ.

ಕಾನೂನಿನ ನೆರವು ಬೇಕಾದರೆ 15100ಕ್ಕೆ ಫೋನ್ ಮಾಡಿ.

ಉತ್ತರ ಹೇಳಿ

1. ದೊಡ್ಡವ್ವನಿಗೆ ಸಾಕ್ಷಿಯಾಗಿ ಸಿಕ್ಕಿದ್ದು ಏನು? ಅದನ್ನು ಬರೆದವರು ಯಾರು?

2. ಅಜ್ಜಿ ಕಲಿಸಿದ ಹಳೆಯ ಪದ ಯಾರದು?

3. ನೋಂದಣಿ ಮಾಡಿಸಿದರೆ ಏನು ಲಾಭ?

ನೀವೂ ಬರೆಯಿರಿ

ನೀವು ಕಟ್ಟಿದ ಒಂದು ಪದವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಇಂದಿನ ತಾರೀಖು ಹಾಕಿ.