ಗ್ರಾಫಿಕ್ಸ್ ಕಾರ್ಡ್: ಕೂಡಿದ ಮನೆಯೋ, ಬೇರೆ ಒಲೆಯೋ?

ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೂ ಇಂದು ಗಣಕಯಂತ್ರ ಅನಿವಾರ್ಯವಾಗಿದೆ. ಅದನ್ನು ಕೊಳ್ಳುವಾಗ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ತಿಳಿದು ಉತ್ತರಿಸಿದರೆ ಹಿರಿಯರು ಕೂಡಿಟ್ಟ ಹಣದಲ್ಲಿ ಸಾವಿರಾರು ರೂಪಾಯಿ ಉಳಿದೀತು.

ತೆರೆಯ ಮೇಲೆ ಕಾಣುವುದೆಲ್ಲ ಚುಕ್ಕಿಗಳ ಸಂಯೋಜನೆ. 1920 × 1080 ಅಳತೆಯ ತೆರೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿರುತ್ತವೆ. ಸಾಮಾನ್ಯವಾಗಿ ಆ ತೆರೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಪ್ರತಿ ಚುಕ್ಕಿಯ ಬಣ್ಣವನ್ನು ಗಣಿಸುವ ಘಟಕಕ್ಕೆ ಜಿಪಿಯು ಎಂದು ಹೆಸರು. ಅದು ಮುಖ್ಯ ಪ್ರೊಸೆಸರಿನೊಳಗೇ ಅಡಕವಾಗಿದ್ದರೆ ಇಂಟಿಗ್ರೇಟೆಡ್, ಸ್ವಂತ ಸ್ಮೃತಿಯೊಡನೆ ಬೇರೆಯಾಗಿದ್ದರೆ ಡೆಡಿಕೇಟೆಡ್ ಎನ್ನುತ್ತಾರೆ. ಮೊದಲನೆಯದು ಕೂಡಿದ ಮನೆಯಂತೆ: ಎಲ್ಲರಿಗೂ ಕಣಜ ಒಂದೇ. 8 ಜಿಬಿ ರ್‍ಯಾಮ್ ಇದ್ದರೆ ಅದರಲ್ಲಿಯೇ ಒಂದು ಪಾಲು ಚಿತ್ರದ ಕೆಲಸಕ್ಕೆ ಸಲ್ಲುತ್ತದೆ. ಎರಡನೆಯದು ಬೇರೆ ಒಲೆ ಹೂಡಿದ ಸಂಸಾರ: ಅದರ ಕಣಜ ಅದಕ್ಕೇ ಮೀಸಲು. ಶಕ್ತಿ ಹೆಚ್ಚು, ಜೊತೆಗೆ ಬೆಲೆ, ವಿದ್ಯುತ್ತು, ಬಿಸಿ ಮೂರೂ ಹೆಚ್ಚು.

ಒತ್ತಕ್ಷರಗಳು ತೆರೆಯ ಮೇಲೆ ಒಡೆದು ಕಂಡಾಗ ಗ್ರಾಫಿಕ್ಸ್ ಕಾರ್ಡನ್ನು ದೂರುವುದುಂಟು. ದೋಷ ಅಲ್ಲಿಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರದ ಪದ ಯೂನಿಕೋಡಿನಲ್ಲಿ ಆರು ಸಂಕೇತಗಳಾಗಿ ನಿಲ್ಲುತ್ತದೆ: ಸಕಾರ, ಹಲಂತ ಚಿಹ್ನೆ, ತಕಾರ, ಮತ್ತೆ ಹಲಂತ, ರಕಾರ, ಈಕಾರದ ಚಿಹ್ನೆ. ಇವನ್ನು ಕೂಡಿಸಿ ಒತ್ತುಗಳನ್ನು ಯಥಾಸ್ಥಾನದಲ್ಲಿ ಇರಿಸುವುದು ಫಾಂಟು ಮತ್ತು ಅಕ್ಷರ ಜೋಡಿಸುವ ತಂತ್ರಾಂಶ. ಆ ಲೆಕ್ಕಾಚಾರ ನಡೆಯುವುದು ಮುಖ್ಯ ಪ್ರೊಸೆಸರಿನಲ್ಲಿ. ದೇವನಾಗರಿಯಲ್ಲಿ ಬರೆಯುವ ಮರಾಠಿಗೂ ಇದೇ ನ್ಯಾಯ. ಆದುದರಿಂದ ಎಷ್ಟೇ ಬೆಲೆಯ ಕಾರ್ಡು ಹಾಕಿಸಿದರೂ ಒಡೆದ ಒತ್ತಕ್ಷರ ಸರಿಹೋಗದು. ಒಳ್ಳೆಯ ಯೂನಿಕೋಡ್ ಫಾಂಟು ಮತ್ತು ಹೊಸ ತಂತ್ರಾಂಶ ಇದಕ್ಕೆ ಮದ್ದು. ಕಡತ ಹಳೆಯ ಯೂನಿಕೋಡೇತರ ಫಾಂಟಿನಲ್ಲಿದ್ದರೆ ಅದನ್ನು ಪರಿವರ್ತಿಸಬೇಕು.

ಪ್ರಬಂಧ ಬರೆಯುವುದು, ಹಳಗನ್ನಡ ಕಾವ್ಯಗಳ ಸ್ಕ್ಯಾನ್ ಪ್ರತಿಗಳನ್ನು ಓದುವುದು, ಶಾಸನದ ಛಾಯಾಚಿತ್ರವನ್ನು ತಿಳಿಗೊಳಿಸುವುದು, ಉಪನ್ಯಾಸದ ವಿಡಿಯೋ ನೋಡುವುದು: ಇವಿಷ್ಟಕ್ಕೂ ಇಂಟಿಗ್ರೇಟೆಡ್ ಸಾಕು. ಉಳಿದ ಹಣವನ್ನು 16 ಜಿಬಿ ರ್‍ಯಾಮಿಗೂ ಎಸ್‌ಎಸ್‌ಡಿಗೂ ಹಾಕುವುದು ಲೇಸು. ಭಾರೀ ಆಟಗಳು, ಮೂರು ಆಯಾಮದ ಅನಿಮೇಶನ್, ದೊಡ್ಡ ಪ್ರಮಾಣದ ವಿಡಿಯೋ ಸಂಕಲನ ಇವುಗಳಿಗೆ ಮಾತ್ರ ಡೆಡಿಕೇಟೆಡ್ ಕಾರ್ಡಿನ ಅಗತ್ಯವಿದೆ. ಡೆಸ್ಕ್‌ಟಾಪ್ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು: ಇಂಟೆಲ್ ಕೋರ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಕ್ಷರವೊಂದೇ ಇದ್ದರೆ ಅದರೊಳಗೆ ಬಳಕೆಗೆ ಬರುವ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡನ್ನು ಬೇರೆ ಕೊಳ್ಳಲೇಬೇಕಾಗುತ್ತದೆ.

ಅಭ್ಯಾಸ:
1. ವಿಂಡೋಸ್ ಗಣಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯುವಿನ ಹೆಸರನ್ನೂ ಅದು ಹಂಚಿಕೊಳ್ಳಬಲ್ಲ ಸ್ಮೃತಿಯ ಪ್ರಮಾಣವನ್ನೂ ಬರೆದುಕೊಳ್ಳಿರಿ.
2. 'ರಾಷ್ಟ್ರ' ಎಂಬ ಪದದಲ್ಲಿ ಯೂನಿಕೋಡ್ ಸಂಕೇತಗಳು ಎಷ್ಟು? ಬಿಡಿಸಿ ತೋರಿಸಿರಿ.