ಹೃದಯದ ನಕ್ಷೆ: ದಾರಿ ತಪ್ಪಿದ ಬಡಿತವನ್ನು ಅರಸುವ ಬಗೆಗಳು

ಹೃದಯಾಘಾತದಿಂದ ಪಾರಾದ ಕೆಲವರಿಗೆ ತಿಂಗಳುಗಳ ಅಥವಾ ವರ್ಷಗಳ ತರುವಾಯ ಎದೆಬಡಿತವು ಏಕಾಏಕಿ ನಿಮಿಷಕ್ಕೆ 150, 180, ಒಮ್ಮೊಮ್ಮೆ 200ನ್ನೂ ಮೀರುವುದುಂಟು. ಕಣ್ಣು ಕತ್ತಲೆಗಟ್ಟಿ ಕುಸಿಯುವರು. ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ಪ್ರಾಣವೂ ಹೋಗಬಹುದು. ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳಲ್ಲಿ ಹುಟ್ಟುವ ಈ ಬಡಿತಕ್ಕೆ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಚಿಕ್ಕದಾಗಿ ವಿ.ಟಿ. ಎಂದು ಹೆಸರು. ಮಾತ್ರೆಗಳಿಗೆ ಬಗ್ಗದಿದ್ದಾಗ ವೈದ್ಯರು ಅಬ್ಲೇಷನ್ ಸೂಚಿಸುತ್ತಾರೆ. ಹೃದಯದೊಳಗೆ ಸುಡುತ್ತಾರಂತೆ ಎಂದು ಕೇಳಿದವರಿಗೆ ದಿಗಿಲಾಗುವುದು ಸಹಜ. ಎಲ್ಲಿ ಸುಡಬೇಕೆಂಬುದನ್ನು ತಿಳಿಯುವುದೇ ಇಲ್ಲಿ ನಿಜವಾದ ವಿದ್ಯೆ.

ಸಿರುಗುಪ್ಪದ ಭತ್ತದ ಗದ್ದೆಗಳನ್ನು ಬಲ್ಲವರಿಗೆ ಇದು ಬೇಗ ತಿಳಿದೀತು. ಆಘಾತದಲ್ಲಿ ಸತ್ತ ಸ್ನಾಯು ಗಾಯದ ಕಲೆಯಾಗಿ ಉಳಿಯುತ್ತದೆ. ಗದ್ದೆಯ ಬದುವಿನಂತೆ ಅದು ವಿದ್ಯುತ್ತನ್ನು ತಡೆಯುತ್ತದೆ. ಆದರೆ ಬದುವಿನಲ್ಲಿ ಏಡಿ ಕೊರೆದ ಬಿಲಗಳಂತೆ, ಕಲೆಯ ನಡುವೆ ಬದುಕುಳಿದ ಎಳೆಗಳಿರುತ್ತವೆ. ಅವುಗಳ ಮೂಲಕ ವಿದ್ಯುತ್ತು ನಿಧಾನವಾಗಿ ಸೋರಿ, ಹೊರಬಂದು, ಸುತ್ತಿ ಮತ್ತೆ ಅದೇ ಬಿಲವನ್ನು ಹೊಕ್ಕರೆ ಸುತ್ತು ನಿಲ್ಲುವುದೇ ಇಲ್ಲ.

ಬಿಲವನ್ನು ಹುಡುಕುವ ಒಂದು ಬಗೆ, ನೀರು ಹರಿಯುತ್ತಿರುವಾಗಲೇ ನೋಡುವುದು. ತೊಡೆಯ ರಕ್ತನಾಳದಿಂದ ಕ್ಯಾಥೆಟರನ್ನು ಹೃದಯಕ್ಕೆ ಸಾಗಿಸಿ, ವಿ.ಟಿ.ಯನ್ನು ಬೇಕೆಂದೇ ಎಬ್ಬಿಸಿ, ಯಾವ ಸ್ಥಳ ಯಾವ ಕ್ಷಣದಲ್ಲಿ ಮಿಡಿಯುತ್ತದೆಂದು ಗುರುತಿಸುವರು. ಇದು ಆಕ್ಟಿವೇಷನ್ ಮ್ಯಾಪಿಂಗ್. ಇದರ ಜೊತೆಗೆ ಎಂಟ್ರೈನ್‌ಮೆಂಟ್ ಎಂಬ ಪರೀಕ್ಷೆಯುಂಟು: ನಡೆಯುತ್ತಿರುವ ಬಡಿತಕ್ಕಿಂತ ತುಸು ವೇಗವಾಗಿ ಕ್ಯಾಥೆಟರಿನಿಂದ ಪ್ರಚೋದಿಸಿ ನಿಲ್ಲಿಸುತ್ತಾರೆ. ಮುಂದಿನ ಮಿಡಿತ ಆ ತುದಿಗೆ ಮರಳಲು ಹಿಡಿದ ಕಾಲವು ವಿ.ಟಿ.ಯ ಒಂದು ಸುತ್ತಿನ ಕಾಲಕ್ಕಿಂತ 30 ಮಿಲಿಸೆಕೆಂಡಿಗೂ ಹೆಚ್ಚಿರದಿದ್ದರೆ ತುದಿಯು ಸುತ್ತಿನ ದಾರಿಯಲ್ಲೇ ಇದೆಯೆಂದು ಅರ್ಥ. ಇದಕ್ಕಿಂತ ನಿಖರವಾದ ಸಾಕ್ಷ್ಯ ಕಡಿಮೆ. ಆದರೆ ವಿ.ಟಿ. ಎದ್ದೊಡನೆ ಹಲವರ ರಕ್ತದೊತ್ತಡ ಕುಸಿಯುತ್ತದೆ. ಅಳೆಯುತ್ತ ಕೂರಲು ಸಮಯವಿರುವುದಿಲ್ಲ.

ಆದ್ದರಿಂದ ನೀರಿಲ್ಲದಾಗ ಬದುವನ್ನೇ ಪರಿಶೀಲಿಸುವ ಸಬ್‌ಸ್ಟ್ರೇಟ್ ಮ್ಯಾಪಿಂಗ್ ಬಳಕೆಗೆ ಬಂದಿತು. ಸಹಜ ಬಡಿತದಲ್ಲೇ ಹೃದಯದ ಒಳಗೋಡೆಯನ್ನು ಸ್ಪರ್ಶಿಸುತ್ತ ಕಂಪ್ಯೂಟರಿನಲ್ಲಿ ಮೂರು ಆಯಾಮದ ಬಣ್ಣದ ನಕ್ಷೆ ಬರೆಯುವರು. ರೂಢಿಯ ಅಳತೆಯಂತೆ 1.5 ಮಿಲಿವೋಲ್ಟಿಗಿಂತ ಹೆಚ್ಚಿದ್ದರೆ ಆರೋಗ್ಯವಂತ ಸ್ನಾಯು, 0.5ಕ್ಕಿಂತ ಕಡಿಮೆಯಾದರೆ ದಟ್ಟ ಕಲೆ, ನಡುವಿನದು ಅಂಚು. ತಡವಾಗಿ ಮಿಡಿಯುವ ಸಣ್ಣ ಸಂಕೇತಗಳು ಸಿಕ್ಕಲ್ಲಿ ಬಿಲವಿದೆಯೆಂದು ತಿಳಿದು, ಅಂಥವನ್ನೆಲ್ಲ ಸುಟ್ಟು ಮುಚ್ಚುವರು. ಸುಡಬೇಕಾದ ಜಾಗ ಹೆಚ್ಚು ಎಂಬುದು ಇದರ ಕೊರತೆ.

2015ರಲ್ಲಿ ಪ್ರಕಟವಾದ ವಿಸ್ಟಾ ಅಧ್ಯಯನ ಈ ಎರಡನ್ನೂ ಹೋಲಿಸಿತು. ವಿ.ಟಿ.ಯನ್ನು ತಾಳಿಕೊಳ್ಳಬಲ್ಲ 118 ರೋಗಿಗಳಲ್ಲಿ, ಕಾಣಿಸಿಕೊಂಡ ವಿ.ಟಿ.ಯನ್ನಷ್ಟೇ ಗುರಿಯಾಗಿಸಿದಾಗ ವರ್ಷದೊಳಗೆ ಶೇ. 48.3 ಮಂದಿಗೆ ಅದು ಮರುಕಳಿಸಿತು. ಕಲೆಯನ್ನು ವ್ಯಾಪಕವಾಗಿ ಸುಟ್ಟವರಲ್ಲಿ ಶೇ. 15.5 ಮಾತ್ರ. ಅಧ್ಯಯನ ಚಿಕ್ಕದು, ಆದರೂ ಅಂತರ ಚಿಕ್ಕದಲ್ಲ. ಅನುಭವಿ ವೈದ್ಯರು ಒಂದಕ್ಕೇ ಜೋತುಬೀಳದೆ ಎರಡನ್ನೂ ಬೆರೆಸುವುದು ನಮಗೆ ಸರಿಯಾಗಿ ತೋರುತ್ತದೆ.

ಮೂರನೆಯ ಬಗೆಯಾದ ಪೇಸ್ ಮ್ಯಾಪಿಂಗ್‌ನಲ್ಲಿ ನಮ್ಮ ಊರಿನವರಿಗೂ ಒಂದು ಪಾಲಿದೆ. ಹೃದಯದ ಒಂದೊಂದು ಸ್ಥಳದಿಂದ ಪ್ರಚೋದಿಸಿ, ಮೂಡುವ ಇ.ಸಿ.ಜಿ.ಯನ್ನು ವಿ.ಟಿ.ಯ ವೇಳೆ ತೆಗೆದ ಇ.ಸಿ.ಜಿ.ಯೊಡನೆ ಹೋಲಿಸುವರು, ಹನ್ನೆರಡು ಲೀಡುಗಳೂ ಹೊಂದಿದರೆ ಸುತ್ತು ಹೊರಬೀಳುವ ದ್ವಾರ ಸಮೀಪವಿದೆ. ಆ ಮೂಲ ಇ.ಸಿ.ಜಿ. ಸಿಗುವುದು ಬೆಂಗಳೂರಿನ ಜಯದೇವದಂಥ ದೊಡ್ಡ ಸಂಸ್ಥೆಯಲ್ಲಿ ಅಲ್ಲ. ರೋಗಿ ಕುಸಿದ ದಿನ ಸಿರುಗುಪ್ಪ ಅಥವಾ ಕುರುಗೋಡಿನ ಆಸ್ಪತ್ರೆಯಲ್ಲಿ, ಇಲ್ಲವೇ ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ. ಬಡಿತ ಸರಿಹೋದ ಮೇಲೆ ಅದನ್ನು ಮತ್ತೆ ತೆಗೆಯಲಾಗದು. ರೋಗಿಯ ಸ್ಥಿತಿ ಅವಕಾಶ ಕೊಟ್ಟರೆ ಹನ್ನೆರಡು ಲೀಡುಗಳ ಇ.ಸಿ.ಜಿ.ಯನ್ನು ತೆಗೆಯಿರೆಂದು ವಿನಂತಿಸಬೇಕು. ಪ್ರಾಣಾಪಾಯವಿದ್ದಾಗ ಮಾತ್ರ ಅದಕ್ಕಾಗಿ ಶಾಕ್ ಚಿಕಿತ್ಸೆ ತಡವಾಗಬಾರದು. ಆ ಕಾಗದ ಶಾಖಕ್ಕೂ ಬಿಸಿಲಿಗೂ ಮಾಸುತ್ತದೆ, ಬಳ್ಳಾರಿಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಅಂದೇ ಮೊಬೈಲಿನಲ್ಲಿ ಚಿತ್ರ ತೆಗೆದು, ಜೆರಾಕ್ಸ್ ಮಾಡಿಸಿ, ಬೆಂಗಳೂರಿಗೆ ಹೊರಡುವಾಗ ಎಕೋ ವರದಿ ಮತ್ತು ಮಾತ್ರೆಗಳ ಚೀಟಿಯೊಡನೆ ಒಯ್ಯಬೇಕು.